ಹೂವು ಮೊದಲು, ಎಲೆ ಆಮೇಲೆ

ಮೆಡಿಟರೇನಿಯನ್ ತೀರದ ಸ್ಕ್ವಿಲ್ (ಡ್ರಿಮಿಯ ಮಾರಿಟಿಮ) ಒಣಬೇಸಿಗೆಯ ಕೊನೆಗೆ, ಎಲೆಯಿಲ್ಲದೆಯೇ ಹೂಬಿಡುತ್ತದೆ. ಗೆಡ್ಡೆಯಲ್ಲಿ ಕೂಡಿಟ್ಟ ನೀರು, ಆಹಾರವೇ ಅದಕ್ಕೆ ಬಂಡವಾಳ. ಚಳಿಗಾಲದ ಮಳೆಗೆ ಎಲೆ ಮೂಡುತ್ತದೆ. ಅದರ ಬಂಧುವಾದ ನಮ್ಮ ಕಾಡು ಈರುಳ್ಳಿಯೂ ಬೇಸಿಗೆಯಲ್ಲಿ ಹೂಬಿಟ್ಟು, ಮುಂಗಾರಿಗೆ ಎಲೆ ತಳೆಯುತ್ತದೆ. ಕ್ರಮ ಒಂದೇ, ಮಳೆಗಾಲ ಮಾತ್ರ ಬೇರೆ.

ಆದ್ದರಿಂದ ಬೀದರ್ ಜಿಲ್ಲೆಯಲ್ಲಿ ಸ್ಕ್ವಿಲ್ ಬೆಳೆಸುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕೆ ಮಳೆ ತಾಗದಂತೆ ನೋಡಿಕೊಳ್ಳಬೇಕು. ಬೀದರ್ ನಗರದ ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಬೇಗ ಬಸಿಯುತ್ತದೆ. ಭಾಲ್ಕಿ, ಔರಾದಿನ ಎರೆಮಣ್ಣು ನೀರು ಹಿಡಿದಿಟ್ಟು ಗೆಡ್ಡೆಯನ್ನು ಕೊಳೆಸುತ್ತದೆ. ಅಲ್ಲಿ ಮರಳು ಬೆರೆಸಿದ ಕುಂಡವೇ ಲೇಸು.

ಎಚ್ಚರ! ಎರಡೂ ಗೆಡ್ಡೆಗಳು ಉಳ್ಳಾಗಡ್ಡಿಯಂತೆ ಕಂಡರೂ ವಿಷಕಾರಿ. ತಿಂದರೆ ಹೃದಯದ ಬಡಿತ ಏರುಪೇರಾಗುತ್ತದೆ. ಕತ್ತರಿಸಿದಾಗ ಉಳ್ಳಾಗಡ್ಡಿಯ ಘಾಟು ಬರದಿದ್ದರೆ ಅದು ಅಡುಗೆಮನೆಗೆ ಸಲ್ಲದು.