ವಿಕಿರಣ ಚಿಕಿತ್ಸೆಯ ನಂತರದ ಗಡಸುತನ: ಜೀನುಗಳಲ್ಲಿ ಸುಳಿವಿದೆಯೇ?

ವಿಜಯಪುರ, ಟಿಕೋಟಾ, ಬಬಲೇಶ್ವರಗಳ ಆಸುಪಾಸಿನಲ್ಲಿ ಆಳವಾದ ಎರೆಭೂಮಿಯೂ ಉಂಟು, ತೆಳುಮಣ್ಣಿನ ಮಡ್ಡಿಯೂ ಉಂಟು. ಎರಡರ ಮೇಲೂ ಬೀಳುವ ಮಳೆ ಒಂದೇ. ಆದರೆ ಬಿಸಿಲು ಬಿದ್ದ ಮೇಲೆ ಎರೆ ಬಾಯಿ ಬಿರಿಯುತ್ತದೆ, ಮಡ್ಡಿ ಹಾಗೆ ಬಿರಿಯುವುದಿಲ್ಲ. ಮಳೆಮಾಪಕವನ್ನಷ್ಟೇ ನೋಡಿ ಯಾವ ಹೊಲ ಬಿರಿಯುವುದೆಂದು ಹೇಳಲಾಗದು. ಮಣ್ಣಿನ ಗುಣವನ್ನೂ ತಿಳಿಯಬೇಕು.

ಸ್ತನ ಕ್ಯಾನ್ಸರಿನ ವಿಕಿರಣ ಚಿಕಿತ್ಸೆಯಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಇಬ್ಬರು ಮಹಿಳೆಯರಿಗೆ ಒಂದೇ ಪ್ರಮಾಣದ ವಿಕಿರಣ ಕೊಟ್ಟರೆಂದುಕೊಳ್ಳಿ. ಎರಡು ವರ್ಷಗಳ ನಂತರ ಒಬ್ಬರ ಸ್ತನ ಮೊದಲಿನಂತೆ ಮೃದುವಾಗಿಯೇ ಇರಬಹುದು. ಇನ್ನೊಬ್ಬರದು ಗಟ್ಟಿಯಾಗಿ, ಕುಗ್ಗಿ, ತೋಳೆತ್ತಿ ಕೆಲಸ ಮಾಡುವುದೇ ಕಷ್ಟವಾಗಬಹುದು. ಈ ಗಡಸುತನಕ್ಕೆ ಫೈಬ್ರೋಸಿಸ್ ಎಂದು ಹೆಸರು.

ಕಡಿಮೆ ಶಕ್ತಿ, ದೊಡ್ಡ ಪೆಟ್ಟು

ವಿಕಿರಣದ ಪ್ರಮಾಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಕಿಲೋಗ್ರಾಂ ವಸ್ತು ಒಂದು ಜೌಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ದೀರ್ಘಕಾಲ ರೂಢಿಯಲ್ಲಿದ್ದ ಕ್ರಮದಲ್ಲಿ ದಿನಕ್ಕೆ 2 ಗ್ರೇಯಂತೆ 25 ದಿನ, ಒಟ್ಟು 50 ಗ್ರೇ ಕೊಡಲಾಗುತ್ತಿತ್ತು. 2 ಗ್ರೇ ಶಕ್ತಿಯಿಂದ ನೀರಿನ ಉಷ್ಣತೆ ಏರುವುದು ಒಂದು ಡಿಗ್ರಿ ಸೆಲ್ಸಿಯಸ್‌ನ ಸುಮಾರು ಎರಡು ಸಾವಿರದಲ್ಲಿ ಒಂದು ಭಾಗ ಮಾತ್ರ! ಅಂದರೆ ಹಾನಿ ಆಗುವುದು ಬಿಸಿಯಿಂದಲ್ಲ, ಅಯಾನೀಕರಣದಿಂದ. ಒಂದು ಗ್ರೇ ವಿಕಿರಣ ಪ್ರತಿ ಜೀವಕೋಶದ ಡಿಎನ್‌ಎಯಲ್ಲಿ ಸುಮಾರು ಸಾವಿರ ಒಂಟಿ ಎಳೆಯ ತುಂಡುಗಳನ್ನೂ, 30ರಿಂದ 40 ಜೋಡಿ ಎಳೆಯ ತುಂಡುಗಳನ್ನೂ ಉಂಟುಮಾಡುತ್ತದೆ. ಆರೋಗ್ಯವಂತ ಕೋಶ ಇವುಗಳಲ್ಲಿ ಬಹುಪಾಲನ್ನು ಕೆಲವೇ ಗಂಟೆಗಳಲ್ಲಿ ಸರಿಪಡಿಸಿಕೊಳ್ಳುತ್ತದೆ.

ಪೆಟ್ಟುಬಿದ್ದ ಅಂಗಾಂಶದಲ್ಲಿ ಟಿಜಿಎಫ್-ಬೀಟಾ ಎಂಬ ಪ್ರೋಟೀನು ಸಕ್ರಿಯವಾಗುತ್ತದೆ. ಇದು ಗಾಯ ಮಾಯಿಸುವ ಸಂಕೇತ. ಇದರ ಕರೆಗೆ ಓಗೊಟ್ಟು ಫೈಬ್ರೋಬ್ಲಾಸ್ಟ್ ಕೋಶಗಳು ಕೊಲಾಜೆನ್ ನಾರನ್ನು ಹೆಣೆಯುತ್ತವೆ. ಗಾಯ ಮಾಯ್ದ ಮೇಲೂ ಸಂಕೇತ ನಿಲ್ಲದಿದ್ದರೆ ನಾರು ಪೇರುತ್ತಾ ಹೋಗಿ ಅಂಗಾಂಶ ಬಿಗಿಯುತ್ತದೆ. ಇದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ.

ಜೀನುಗಳ ಬೆನ್ನಟ್ಟಿ

ಟಿಜಿಎಫ್-ಬೀಟಾ ತಯಾರಿಸುವ ಜೀನಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸವಿರುವವರಿಗೆ ಫೈಬ್ರೋಸಿಸ್ ಹೆಚ್ಚೆಂದು 2000ದ ದಶಕದ ಆರಂಭದಲ್ಲಿ ಕೆಲವು ಸಣ್ಣ ಅಧ್ಯಯನಗಳು ಹೇಳಿದವು. ಆದರೆ 2012ರಲ್ಲಿ 11 ತಂಡಗಳ 2,782 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಆ ನಂಟು ಕಾಣಲಿಲ್ಲ. 2018ರಲ್ಲಿ ಅಮೆರಿಕದ ಅಧ್ಯಯನವೊಂದು ಮತ್ತೆ ನಂಟಿದೆ ಎಂದಿತು. ಹತ್ತು ಬಾರಿ ನಾಣ್ಯ ಚಿಮ್ಮಿದಾಗ ಏಳು ಬಾರಿ ಚಿತ್ತು ಬಿದ್ದರೆ ನಾಣ್ಯವೇ ಸರಿಯಿಲ್ಲ ಎನ್ನಲಾಗದು. ಸಣ್ಣ ಅಧ್ಯಯನಗಳ ತೊಡಕೂ ಇದೇ.

ಡಿಎನ್‌ಎಯ ತುಂಡುಗಳನ್ನು ಗುರುತಿಸಿ ಎಚ್ಚರಿಸುವ ಎಟಿಎಂ ಜೀನಿನ ಕಥೆ ತುಸು ಭಿನ್ನ. 2016ರಲ್ಲಿ 5,456 ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳನ್ನು ಪರಿಶೀಲಿಸಿದಾಗ ಇದರ ಒಂದು ರೂಪಕ್ಕೂ ವಿಕಿರಣದ ಅಡ್ಡಪರಿಣಾಮಕ್ಕೂ ನಿಜವಾದ ನಂಟು ಕಂಡಿತು. ಆದರೆ ಅದರ ಪ್ರಭಾವ ಚಿಕ್ಕದು. ಅದನ್ನೊಂದನ್ನೇ ನಂಬಿ ಚಿಕಿತ್ಸೆ ಬದಲಿಸಲಾಗದು.

ನಮ್ಮ ಮಣಿಪಾಲದಲ್ಲಿ

ಕರ್ನಾಟಕದಲ್ಲಿಯೂ ಈ ಹುಡುಕಾಟ ನಡೆದಿದೆ. ಮಣಿಪಾಲದ ವಿಜ್ಞಾನಿಗಳು 80 ಸ್ತನ ಕ್ಯಾನ್ಸರ್ ರೋಗಿಗಳ ಹಾಗೂ 38 ಆರೋಗ್ಯವಂತರ ಬಿಳಿ ರಕ್ತಕಣಗಳಿಗೆ ಪ್ರಯೋಗಾಲಯದಲ್ಲಿ 2 ಗ್ರೇ ಎಕ್ಸ್-ಕಿರಣ ಹಾಯಿಸಿ, ತುಂಡಾದ ಡಿಎನ್‌ಎ ಎಷ್ಟು ಬೇಗ ಕೂಡಿಕೊಳ್ಳುತ್ತದೆಂದು ಎಣಿಸಿದರು. ಚಿಕಿತ್ಸೆಯ ವೇಳೆ ಚರ್ಮ ಹೆಚ್ಚು ಸುಟ್ಟಂತಾದ ರೋಗಿಗಳ ಕಣಗಳಲ್ಲಿ ದುರಸ್ತಿಯಾಗದೆ ಉಳಿದ ತುಂಡುಗಳ ಪಾಲು ಹೆಚ್ಚಿತ್ತು. 2014ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. 2017ರಲ್ಲಿ ಅದೇ ತಂಡ ಸಿಡಿ44 ಮತ್ತು ಎಂಎಟಿ1ಎ ಜೀನುಗಳ ರೂಪಭೇದಗಳಿಗೂ ಚರ್ಮದ ಪ್ರತಿಕ್ರಿಯೆಗೂ ನಂಟಿರುವುದನ್ನು ವರದಿ ಮಾಡಿತು. ಇವು ಚಿಕಿತ್ಸೆಯ ಸಮಯದಲ್ಲೇ ಕಾಣುವ ಚರ್ಮದ ಪ್ರತಿಕ್ರಿಯೆಗೆ ಸಂಬಂಧಿಸಿದವು; ವರ್ಷಗಳ ನಂತರದ ಫೈಬ್ರೋಸಿಸ್ ಬೇರೆ ಮಾತು ಎಂಬುದನ್ನು ಮರೆಯಬಾರದು. ಜೀನಿನ ರೂಪಭೇದಗಳು ಜನಸಮುದಾಯದಿಂದ ಸಮುದಾಯಕ್ಕೆ ಬದಲಾಗುವುದರಿಂದ, ಯುರೋಪಿನ ಪಟ್ಟಿಯನ್ನು ಹಾಗೆಯೇ ನಮಗೆ ಅನ್ವಯಿಸುವಂತಿಲ್ಲ. ಆದುದರಿಂದ ಇಲ್ಲಿನ ಅಧ್ಯಯನಗಳಿಗೆ ಬೆಲೆ ಇದೆ.

ಭಯ ಬೇಡ, ಎಚ್ಚರ ಇರಲಿ

ಗಡಸಾಗುವುದೆಂಬ ಅಂಜಿಕೆಯಿಂದ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಅಪಾಯಕಾರಿ. ಸ್ತನ ಉಳಿಸುವ ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಪಡೆಯದವರಲ್ಲಿ ಹತ್ತು ವರ್ಷಗಳೊಳಗೆ ನೂರಕ್ಕೆ 35 ಮಂದಿಗೆ ರೋಗ ಮರುಕಳಿಸಿದರೆ, ಪಡೆದವರಲ್ಲಿ ಸುಮಾರು 19 ಮಂದಿಗೆ ಮಾತ್ರ ಮರುಕಳಿಸಿತೆಂದು 2011ರ ದೊಡ್ಡ ವಿಶ್ಲೇಷಣೆಯೊಂದು ತೋರಿಸಿದೆ.

ಸಮಾಧಾನದ ಸಂಗತಿಯೂ ಇದೆ. ಬ್ರಿಟನ್ನಿನ ಪ್ರಯೋಗವೊಂದರಲ್ಲಿ 15 ಸರದಿಗಳಲ್ಲಿ 40 ಗ್ರೇ ಪಡೆದವರಲ್ಲಿ ಸ್ತನ ಕುಗ್ಗುವುದು 50 ಗ್ರೇ ಪಡೆದವರಿಗಿಂತ ಕಡಿಮೆಯಿತ್ತು ಎಂದು 2013ರ ವರದಿ ತಿಳಿಸಿತು. ಬಬಲೇಶ್ವರದಿಂದ ದೂರದ ಊರಿಗೆ ಚಿಕಿತ್ಸೆಗೆ ಹೋಗಬೇಕಾದವರಿಗೆ 25 ದಿನದ ಬದಲು 15 ದಿನ ಸಾಕೆಂದರೆ ಅದು ಸಣ್ಣ ಮಾತಲ್ಲ. ಯಾರಿಗೆ ಯಾವ ಕ್ರಮ ಸೂಕ್ತವೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಭುಜದ ವ್ಯಾಯಾಮ ಬಿಡದಿರುವುದು, ಬಿಗಿತ ಕಂಡೊಡನೆ ವೈದ್ಯರಿಗೆ ಹೇಳುವುದು, ತಂಬಾಕಿನಿಂದ ದೂರವಿರುವುದು ಇಂದೇ ನಮ್ಮ ಕೈಯಲ್ಲಿರುವ ಉಪಾಯಗಳು. ಮಳೆಯನ್ನು ಅಳೆಯಲು ಭೌತವಿಜ್ಞಾನ ಚೆನ್ನಾಗಿ ಕಲಿತಿದೆ. ಮಣ್ಣನ್ನು ಓದುವ ಕೆಲಸ ಈಗ ನಡೆಯುತ್ತಿದೆ.