ಟ್ಯಾಬ್ಲೆಟ್ಟಿನ ಹೊಟ್ಟೆ ಎಷ್ಟಿರಬೇಕು?

ಗುಬ್ಬಿಯಲ್ಲಿ ಚನ್ನಬಸವೇಶ್ವರಸ್ವಾಮಿಯ ತೇರು ಕಂಡು ತುಮಕೂರಿಗೆ ಮರಳಿ ತಂಗಿ, ಮರುದಿನ ಕೈದಾಳದ ಚೆನ್ನಕೇಶವನ ಸನ್ನಿಧಿಯಿಂದ ಕುಣಿಗಲ್ ಕೆರೆಯ ಏರಿಗೆ ಬರುವವರ ಕ್ಯಾಮೆರಾ ಸುಮ್ಮನಿದ್ದೀತೆ? ದಿನಕ್ಕೆ 400 ಚಿತ್ರ ಹೆಚ್ಚೇನಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ‘ರಾ’ ಚಿತ್ರವೊಂದಕ್ಕೆ ಸುಮಾರು 25 ಎಂಬಿ. ದಿನದ ಫಸಲು 10 ಜಿಬಿ. ಜೆಪೆಗ್ ಆದರೆ ಅದರ ಮೂರನೆಯ ಒಂದು ಪಾಲು.

ರಾತ್ರಿ ಅವನ್ನು ತಿದ್ದಲೆಂದು ಟ್ಯಾಬ್ಲೆಟ್ ಕೊಳ್ಳುವವರು 64 ಜಿಬಿಯ ಅಗ್ಗಕ್ಕೆ ಮಾರುಹೋಗುವುದುಂಟು. ಪೆಟ್ಟಿಗೆಯ ಮೇಲಿನ 64 ಒಳಗೆ ದೊರೆಯದು. ಯಂತ್ರದ ಸ್ವಂತ ತಂತ್ರಾಂಶವೇ ಹದಿನೈದಿಪ್ಪತ್ತು ಜಿಬಿ ನುಂಗಿ ಕುಳಿತಿರುತ್ತದೆ. ಮೇಲೆ ತಿದ್ದುವ ಆ್ಯಪ್, ಅದು ಮಾಡಿಕೊಳ್ಳುವ ಪ್ರತಿಗಳು, ಮಕ್ಕಳು ತುಂಬಿಟ್ಟ ಸಿನಿಮಾಗಳು! ಸ್ಥಳ ಸಾಲದೆ ಅವಸರದಲ್ಲಿ ಅಳಿಸುವ ಕೈಗೆ, ಅಜ್ಜಿ ತೇರಿಗೆ ಬಾಳೆಹಣ್ಣು ಎಸೆದ ಚಿತ್ರವೇ ಮೊದಲು ಸಿಕ್ಕೀತು.

ಜೆಪೆಗ್ ತೆಗೆಯುವವರಿಗೆ 128 ಸಾಕು. ‘ರಾ’ ತೆಗೆಯುವವರಿಗೆ 256 ಲೇಸು. ಐಪ್ಯಾಡಿನಲ್ಲಿ ಮೆಮೊರಿ ಕಾರ್ಡಿಗೆ ಜಾಗವಿಲ್ಲ. ಕೊಂಡ ಬಳಿಕ ಒಳಗಿನ ಅಳತೆ ಬೆಳೆಯದು. ಹಲವು ಆಂಡ್ರಾಯ್ಡ್ ಟ್ಯಾಬ್ಲೆಟ್ಟುಗಳಿಗೆ ಆ ಸೌಕರ್ಯವುಂಟು. 512ರ ಆಸೆ ಬಿಟ್ಟು ಹೊರಗಿನ ಎಸ್‌ಎಸ್‌ಡಿ ಒಂದನ್ನು ಕೊಳ್ಳುವುದು ಜಾಣತನ: ಎರಡನೆಯ ಪ್ರತಿಗೆ ಅದು ನೆಲೆ. ಆ ಪ್ರತಿಯನ್ನು ತೆರೆದು ನೋಡುವವರೆಗೆ ಕ್ಯಾಮೆರಾದ ಕಾರ್ಡನ್ನು ಅಳಿಸತಕ್ಕದ್ದಲ್ಲ.