ಕಟ್ಟಿ ನುಡಿಸಿದರೆ ತಿಳಿಯುವ ವಾದ್ಯ

ಅರಬರ ಊದ್ ವಾದ್ಯದ ಪೀಳಿಗೆಯಲ್ಲಿ ಹುಟ್ಟಿದ ಲ್ಯೂಟ್, 16ನೇ ಶತಮಾನದ ಯೂರೋಪಿನಲ್ಲಿ ಅರಮನೆಗಳಿಂದ ಹಿಡಿದು ಉಳ್ಳವರ ಮನೆಗಳವರೆಗೆ ಮೆರೆದ ವಾದ್ಯ. 18ನೇ ಶತಮಾನ ಮುಗಿಯುವಷ್ಟರಲ್ಲಿ ಅದು ಬಹುಮಟ್ಟಿಗೆ ಮೂಲೆ ಸೇರಿತು. ಗುರುವಿನಿಂದ ಶಿಷ್ಯನಿಗೆ ಬರುತ್ತಿದ್ದ ಪಾಠವೂ ಕಡಿಯಿತು. ಇಂದು ನಮಗೆ ಉಳಿದಿರುವುದು ಮ್ಯೂಸಿಯಮ್ಮಿನ ಕೆಲವು ವಾದ್ಯಗಳು, ಬರಹಗಳು, ಚಿತ್ರಗಳು ಮಾತ್ರ. ಯಾರಾದರೂ ಲ್ಯೂಟನ್ನು ಹೊಸದಾಗಿ ಕಟ್ಟಿ ನುಡಿಸುವವರೆಗೆ ಈ ಸಾಕ್ಷ್ಯಗಳ ಅರ್ಥ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಬಡಗಿಯ ಕೆಲಸವನ್ನೂ ಬೆರಳಿನ ಸಾಧನೆಯನ್ನೂ ಸಂಶೋಧನೆಯೆಂದೇ ಎಣಿಸಬೇಕು ಎನ್ನುವುದು ಇದಕ್ಕಾಗಿ.

ಸಂಗೀತವೇ ಬರಹದಲ್ಲಿ ಉಳಿದಿರುವಾಗ ಅದನ್ನು ಗಿಟಾರಿನಲ್ಲಿ ನುಡಿಸಿದರಾಯಿತಲ್ಲ ಎಂದು ಕೇಳಬಹುದು. ಸ್ಪಿನಾಚಿನೊ ರಚಿಸಿ, 1507ರಲ್ಲಿ ವೆನಿಸ್ಸಿನ ಪೆಟ್ರುಚ್ಚಿ ಅಚ್ಚು ಹಾಕಿದ ಲ್ಯೂಟ್ ಪುಸ್ತಕವನ್ನೇ ನೋಡಿ. ಅದರಲ್ಲಿರುವುದು ಟ್ಯಾಬ್ಲೇಚರ್. ಆರು ಗೆರೆಗಳು ಆರು ತಂತಿ ಜಾಗಗಳನ್ನು ಸೂಚಿಸುತ್ತವೆ, ಗೆರೆಯ ಮೇಲಿನ ಅಂಕಿ ಯಾವ ಮೆಟ್ಟಿಲಲ್ಲಿ ಬೆರಳಿಡಬೇಕೆಂದು ಹೇಳುತ್ತದೆ, ಮೇಲಿನ ಗುರುತುಗಳು ಲಯವನ್ನು ತಿಳಿಸುತ್ತವೆ. ಸ್ವರ ಯಾವಾಗ ಹುಟ್ಟಬೇಕೆಂಬುದು ಅದರಲ್ಲಿದೆ, ಎಲ್ಲಿಯವರೆಗೆ ನಿಲ್ಲಬೇಕೆಂಬುದಿಲ್ಲ. ಅದನ್ನು ತೀರ್ಮಾನಿಸುವುದು ವಾದ್ಯವೇ. ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ಸ್ಪ್ರೂಸ್ ಮೇಲ್ಹಲಗೆ, ತೆಳು ಪಟ್ಟಿಗಳನ್ನು ಜೋಡಿಸಿದ ಬುರುಡೆ, ಕುರಿಯ ಕರುಳಿನ ತಂತಿ: ಇಂಥ ವಾದ್ಯದಲ್ಲಿ ನಾದ ತಟ್ಟನೆ ಚಿಮ್ಮಿ ಬೇಗ ಆರುತ್ತದೆ. ಹೀಗಾಗಿ ಒಂದು ಪಲುಕಿನ ಒಳಗೆ ಎಷ್ಟು ಧ್ವನಿಗಳು ಒಟ್ಟಿಗೆ ಕೇಳುತ್ತವೆಂಬುದು ವಾದ್ಯದಿಂದ ವಾದ್ಯಕ್ಕೆ ಬದಲಾಗುತ್ತದೆ. 20ನೇ ಶತಮಾನದ ಮೊದಲ ಪುನರುಜ್ಜೀವನದಲ್ಲಿ ಎಷ್ಟೋ ಲ್ಯೂಟುಗಳು ದಪ್ಪ ಹಲಗೆ, ಲೋಹದ ಮೆಟ್ಟಿಲುಗಳೊಂದಿಗೆ ಗಿಟಾರಿನ ತೂಕಕ್ಕೆ ಬಂದವು. ಹಳೆಯ ವಾದ್ಯಗಳನ್ನು ಅಳೆದು ಹಗುರವಾಗಿ ಕಟ್ಟತೊಡಗಿದ ಮೇಲೆ, ಕಿರುಬೆರಳನ್ನು ಹಲಗೆಗೆ ಊರಿದ ಬಲಗೈಯನ್ನು ಚಿತ್ರಕಾರರು ಯಾಕೆ ಅಷ್ಟು ಸಲ ಬರೆದರೆಂಬುದೂ ನುಡಿಸುವವರಿಗೆ ಅರ್ಥವಾಯಿತು.

ಹಾಗಿದ್ದರೆ ಮ್ಯೂಸಿಯಮ್ಮಿನ ವಾದ್ಯವನ್ನು ನಕಲು ಮಾಡಿದರೆ ಸಾಕಲ್ಲವೇ? ತೊಡಕಿರುವುದೇ ಅಲ್ಲಿ. ಬೊಲೊನ್ಯದಲ್ಲಿ ಲ್ಯೂಟ್ ಕಟ್ಟುತ್ತಿದ್ದ ಲಾಕ್ಸ್ ಮಾಲರ್ 1552ರಲ್ಲಿ ತೀರಿಕೊಂಡ. ಅವನ ಬುರುಡೆಗಳಿಗೆ ನೂರು ವರ್ಷದ ನಂತರವೂ ಎಷ್ಟು ಬೇಡಿಕೆಯಿತ್ತೆಂದರೆ, ಹೆಚ್ಚು ತಂತಿ ಹಿಡಿಸಲೆಂದು ಅವಕ್ಕೆ ಅಗಲದ ದಂಡಿ, ಹೊಸ ಕುದುರೆ ಕೂಡಿಸಿದರು. ಕಣ್ಣೆದುರಿಗಿರುವ ವಾದ್ಯದಲ್ಲಿ ಮಾಲರನದು ಎಷ್ಟು, ರಿಪೇರಿಯವರದು ಎಷ್ಟು ಎಂದು ಬೇರ್ಪಡಿಸಲು ಕಟ್ಟಿ ಅಭ್ಯಾಸವಿರುವ ಕೈ ಬೇಕು. ಬಿಚ್ಚಿ ಸರಿಪಡಿಸುವುದು ಆಗಲೂ ಮಾಮೂಲಾಗಿತ್ತು. 1676ರ ತನ್ನ ಪುಸ್ತಕದಲ್ಲಿ ಇಂಗ್ಲೆಂಡಿನ ಲ್ಯೂಟ್ ವಾದಕ ಥಾಮಸ್ ಮೇಸ್ ಮೇಲ್ಹಲಗೆ ತೆಗೆಯುವ ಬಗೆಯನ್ನೇ ವಿವರಿಸಿದ್ದಾನೆ. ತೇವ ತಾಗದಂತೆ ಲ್ಯೂಟನ್ನು ಹಗಲಲ್ಲಿ, ದಿನಾ ಮಲಗುವ ಹಾಸಿಗೆಯ ಹೊದಿಕೆಯೊಳಗೆ ಇಡಿ ಎಂದೂ ಹೇಳುತ್ತಾನೆ. ಆ ಮರ ಎಷ್ಟು ತೆಳುವಾಗಿತ್ತೆಂಬುದಕ್ಕೆ ನನಗೆ ಇದು ಅಳತೆಗೋಲಿನಷ್ಟೇ ಒಳ್ಳೆಯ ಸಾಕ್ಷಿ.

ಇಷ್ಟಾದರೂ ಇದೆಲ್ಲ ಊಹೆ, 1600ರ ಕಿವಿ ನಮಗೆಲ್ಲಿದೆ ಎಂಬ ಆಕ್ಷೇಪ ಉಳಿಯುತ್ತದೆ. ಕಿವಿಯ ಮಾತು ಒಪ್ಪತಕ್ಕದ್ದೇ. ಆದರೆ ಊಹೆ ತಪ್ಪೆಂದು ತೋರಿಸಲು ಬರುವಂತಿದ್ದರೆ ಅದು ಬರಿಯ ಊಹೆಯಲ್ಲ. ತಂತಿಯ ಉದ್ದ, ಬಿಗಿ, ಜಿನುಸು ಒಂದೇ ಆಗಿದ್ದರೆ, ಎರಡು ಸ್ಥಾಯಿ ಕೆಳಗಿನ ತಂತಿ ನಾಲ್ಕು ಪಟ್ಟು ದಪ್ಪವಿರಬೇಕು. ಅಷ್ಟು ದಪ್ಪದ ಕರುಳು ಮಂಕಾಗಿ ನುಡಿಯುತ್ತದೆ; ಮಂದ್ರದ ತಂತಿಗೆ ಒಂದು ಸ್ಥಾಯಿ ಮೇಲಿನ ಜೊತೆಗಾರ ತಂತಿ ಕಟ್ಟುತ್ತಿದ್ದುದು ಇದೇ ಕಾರಣಕ್ಕೆ. ಉಳಿದ ಹಲವು ಲ್ಯೂಟುಗಳ ಕುದುರೆಯಲ್ಲಿ ಮಂದ್ರ ತಂತಿಯ ತೂತು ಈ ಲೆಕ್ಕದ ದಪ್ಪಕ್ಕಿಂತ ಕಿರಿದು. ಹಾಗಾದರೆ ಆ ತಂತಿ ಎಂಥದು? ಲೋಹದ ಉಪ್ಪು ಊಡಿಸಿ ಕರುಳಿನ ತೂಕ ಹೆಚ್ಚಿಸುತ್ತಿದ್ದರು ಎನ್ನುವವರು, ಚಿತ್ರಗಳಲ್ಲಿ ಕಾಣುವ ಕಂದುಗೆಂಪು ತಂತಿಗಳನ್ನೂ ಗಾಢಗೆಂಪಿನ ತಂತಿಗಳ ಬಗ್ಗೆ ಮೇಸ್ ಬರೆದ ಮಾತನ್ನೂ ಮುಂದಿಡುತ್ತಾರೆ. ಅದು ಬರೀ ಬಣ್ಣ, ಬಿಗಿಯೇ ಕಡಿಮೆಯಿತ್ತು ಎನ್ನುವವರೂ ಇದ್ದಾರೆ. ಎರಡೂ ಬಗೆಯಲ್ಲಿ ತಂತಿ ಹೊಸೆದು, ಕಟ್ಟಿ, ಸಡಿಲ ತಂತಿ ಮೆಟ್ಟಿಲಿಗೆ ಬಡಿಯುತ್ತದೆಯೇ, ಶ್ರುತಿ ನಿಲ್ಲುತ್ತದೆಯೇ ಎಂದು ಈಗ ಕೈಯಾರೆ ಪರೀಕ್ಷಿಸುತ್ತಿದ್ದಾರೆ.